ಹಿಂದಿನ ಎಡಬಾಗಿಲಿಗೆ ಸೂರ ಕೂರಿಸಿದ ಮೋಟರು

ಮೊನ್ನೆ ಸಾಸ್ತಾನದ ಹೋಟೆಲಿನಲ್ಲಿ ಒಬ್ಬ ಪೇಪರು ಹಿಡಿದು ಕೂತಿದ್ದ. ಬೊಂಬಾಯಿಯಿಂದ ರಜೆಗೆ ಬಂದವನು ಎಂದು ಅಂಗಿಯ ಕಾಲರು ನೋಡಿದರೇ ಗೊತ್ತಾಗುತ್ತಿತ್ತು. ಅಮೆರಿಕದ ಕಾರುಗಳಲ್ಲಿ ಗುಂಡಿ ಒತ್ತಿದರೆ ಬಾಗಿಲಿನ ಚಿಲಕ ತಾನಾಗಿಯೇ ಸರಿಯುತ್ತದಂತೆ, ಬಾಗಿಲಿನ ಹೊಟ್ಟೆಯೊಳಗೆ ಮೋಟರು ಇರುತ್ತದಂತೆ ಎಂದು ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಿದ್ದ. ಕೂತವರೆಲ್ಲ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು.

"ಹ್ವಾಯ್, ಅದ್ ನಮ್ಮಲ್ಲಿ ಅರವತ್ನಾಲ್ಕರಲ್ಲೇ ಇದ್ದಿತ್ತ್ ಮಾರಾಯಾ," ಅಂದೆ.

ಎಲ್ಲರೂ ನಕ್ಕರು. ನನ್ನ ಮಾತು ನಂಬದಿರಲು ಅವರಿಗೆ ಕಾರಣವಿದೆ, ಇಲ್ಲವೆನ್ನುವುದಿಲ್ಲ. ಕೋಳಿ ಅಂಕದ ವಿಷಯ ಬಂದರೆ ನಾನು ಸ್ವಲ್ಪ ಸೇರಿಸಿ ಹೇಳುವವನೇ. ಆದರೆ ಇದು ಕೋಳಿಯ ವಿಷಯವಲ್ಲ. ಆ ಕಾರಿನ ಡ್ರೈವರ್ ನಾನೇ, ಭೋಜ ಶೆಟ್ಟಿ. ಮೋಟರು ಕೂರಿಸಿದವನು ಸೂರ ದೇವಾಡಿಗ. ಆ ಹೋಟೆಲಿನಿಂದ ಅರ್ಧ ಫರ್ಲಾಂಗು ನಡೆದರೆ ಅವನ ರಿಪೇರಿ ಅಂಗಡಿ. ಬನ್ನಿ, ಅವನ ಬಾಯಿಂದಲೇ ಕೇಳಿ ಅನ್ನಬಹುದಿತ್ತು. ಆದರೆ ಸೂರ ಹೇಳುವವನಲ್ಲ, ಕೇಳುವವನು. ಬೊಂಬಾಯಿಯವನನ್ನೇ ಹಿಡಿದು ಕೂರಿಸಿ ಅಮೆರಿಕದ ಮೋಟರು ಎಷ್ಟು ದಪ್ಪ, ಎಲ್ಲಿ ಕೂರುತ್ತದೆ ಎಂದು ಸಂಜೆಯವರೆಗೆ ಕೇಳುತ್ತಿದ್ದ. ಅದಕ್ಕೇ ನಾನು ಬರೆಯಬೇಕಾಯಿತು.

ಸೂರನ ಮನೆಯವರು ತಲೆತಲಾಂತರದಿಂದ ದೇವಸ್ಥಾನದಲ್ಲಿ ವಾದ್ಯ ಊದುವವರು. ಅವನ ಅಪ್ಪ ಪಾಂಡು ಊದಿದರೆ ಗದ್ದೆಯಲ್ಲಿ ನೆಟ್ಟಿ ನೆಡುವವರು ಬೆನ್ನು ನೆಟ್ಟಗೆ ಮಾಡಿ ಕೇಳುತ್ತಿದ್ದರು. ಸೂರನಿಗೂ ಕಲಿಸಿದರು. ಇವನಿಗೆ ಊದುವುದಕ್ಕಿಂತ ಆ ತೂತುಗಳು ಆಯಾ ಜಾಗದಲ್ಲೇ ಯಾಕಿವೆ ಎಂಬುದೇ ದೊಡ್ಡ ಚಿಂತೆ. ಕಡೆಗೆ ಒಂದು ದಿನ ಅಪ್ಪನ ವಾದ್ಯಕ್ಕೇ ಇನ್ನೊಂದು ತೂತು ಕೊರೆದು ನೋಡಿದ. ಅಪ್ಪ ಅಟ್ಟಿಸಿಕೊಂಡು ಬಂದರು. ಸೂರ ಓಡಿದ ಓಟ ಕುಂದಾಪುರದ ಹಂಚಿನ ಕಾರ್ಖಾನೆಯಲ್ಲಿ ನಿಂತಿತು ಎಂದು ಊರವರು ಹೇಳಿಕೊಂಡು ನಗುತ್ತಾರೆ. ಮಣ್ಣು ಹೊರಲು ಸೇರಿದವನು ಐವತ್ತಾರನೇ ಇಸವಿಯ ಹೊತ್ತಿಗೆ ಯಂತ್ರ ನೋಡಿಕೊಳ್ಳುವ ಫಿಟ್ಟರ್ ಆಗಿದ್ದ. ಓದಿದ್ದು ನಾಲ್ಕನೇ ಕ್ಲಾಸು. ಕಿವಿ ಮಾತ್ರ ಅಪ್ಪನದೇ. ಒಂದು ಬಿದಿರು ಕೋಲಿನ ತುದಿಯನ್ನು ಓಡುವ ಯಂತ್ರಕ್ಕೆ ಒತ್ತಿ, ಇನ್ನೊಂದು ತುದಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ, "ಶ್ರುತಿ ಇಳ್ದಿತ್ತ್" ಅನ್ನುತ್ತಿದ್ದ. ಬಿಚ್ಚಿ ನೋಡಿದರೆ ಸರಿಯಾಗಿ ಅಲ್ಲೇ ಸವೆದಿರುತ್ತಿತ್ತು.

ಭಾನುವಾರ ಊರ ಮನೆಗಳ ಗಡಿಯಾರ, ಗ್ಯಾಸ್‌ಲೈಟು, ಹೊಲಿಗೆ ಮಿಷನ್ನು ರಿಪೇರಿ ಮಾಡುತ್ತಿದ್ದ. ಯಾವ ವಸ್ತು ಕಂಡರೂ "ಅದ್ ಹ್ಯಾಂಗೆ?" ಎಂಬ ಒಂದೇ ಪ್ರಶ್ನೆ. ಸಾವಿನ ಮನೆಗೆ ಹೋದರೂ ಕಣ್ಣು ಗೋಡೆ ಗಡಿಯಾರದ ಮೇಲೆ. ನನಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟ ಅನ್ನಬಾರದು.

ಇನ್ನು ಕಾರು ಯಾರದು ಎಂದರೆ ನನ್ನ ದೊಡ್ಡಮ್ಮ ಅಮ್ಮಣ್ಣಿಯವರದು. ನನ್ನ ತಾಯಿಗೆ ದೂರದ ಅಕ್ಕ. ಕೋಟದಿಂದ ಮೂಡಕ್ಕೆ ಒಂದೂವರೆ ಮೈಲಿಯಲ್ಲಿ ಅವರ ಮನೆ. ನಮ್ಮಲ್ಲಿ ಮನೆ ಹೆಣ್ಣುಮಕ್ಕಳದ್ದು, ಹಾಗಾಗಿ ಗದ್ದೆ, ಕಣಜ, ಬೀಗದ ಕೈ ಎಲ್ಲ ಅವರ ಸೊಂಟದಲ್ಲೇ. ಅವರ ತಮ್ಮ ಉಮಾನಾಥಣ್ಣ ಬೊಂಬಾಯಿಯಲ್ಲಿ ಹೋಟೆಲು ಇಟ್ಟು ಚೆನ್ನಾಗಿದ್ದವರು, ಅರವತ್ತೊಂದರಲ್ಲಿ ಅಕ್ಕನಿಗೆಂದು ಒಂದು ಹಳೆಯ ಕಾರು ಕಳಿಸಿಕೊಟ್ಟರು. ಕೆಲಸವಿಲ್ಲದೆ ತಿರುಗುತ್ತಿದ್ದ ನೆಂಟ ನಾನೊಬ್ಬನಿದ್ದೆನಲ್ಲ, ಡ್ರೈವರ್ ಆದೆ.

ಕಾರು ಬರುವ ಹೊತ್ತಿಗೆ ದೊಡ್ಡಮ್ಮನ ಕೈ ಹೋಗಿತ್ತು. ಸಂಧಿವಾತ. ಹತ್ತೂ ಬೆರಳು ಒಳಕ್ಕೆ ಮಡಚಿ ಹಸಿ ಶುಂಠಿಯ ಗಡ್ಡೆಯ ಹಾಗೆ ಗಂಟುಗಂಟಾಗಿದ್ದವು. ಆದರೂ ಒಬ್ಬರ ಕೈಯಿಂದ ತುತ್ತು ತಿಂದವರಲ್ಲ. ಎರಡು ಮಣಿಕಟ್ಟಿನ ನಡುವೆ ಲೋಟ ಒತ್ತಿ ಹಿಡಿದು ಕುಡಿಯುತ್ತಿದ್ದರು, ಮೊಣಕೈಯಿಂದ ಬಾಗಿಲು ದೂಡುತ್ತಿದ್ದರು. ಕಾರಿನ ಬಾಗಿಲಿನ ಒಳಹಿಡಿಕೆ ಮಾತ್ರ ಅವರಿಗೆ ಬಗ್ಗಲಿಲ್ಲ. ಅದನ್ನು ಬೆರಳು ಹಾಕಿ ಗಟ್ಟಿಯಾಗಿ ತಿರುಗಿಸಬೇಕಿತ್ತು. ಹಾಗಾಗಿ ನಾನು ಕಾರು ನಿಲ್ಲಿಸಿ, ಸುತ್ತು ಬಂದು, ಹಿಂದಿನ ಎಡಬಾಗಿಲು ತೆಗೆದು, ಸ್ವಲ್ಪ ಬಾಗಿ ನಿಲ್ಲುತ್ತಿದ್ದೆ. ನೆಂಟರ ಅಂಗಳದಲ್ಲಿ ಹಾಗೆ ನಿಂತಾಗ ನನ್ನ ಗತ್ತು ನೀವು ನೋಡಬೇಕಿತ್ತು.

ಅರವತ್ಮೂರನೇ ಇಸವಿ ಮೇ ತಿಂಗಳು. ಕುಂದಾಪುರದ ಡಾಕ್ಟರಲ್ಲಿಗೆ ಹೋಗಿ ಬರುವಾಗ ಬಸ್‌ಸ್ಟ್ಯಾಂಡಿನ ಹತ್ತಿರ ಕಾರು ನಿಲ್ಲಿಸಿ, "ದೊಡ್ಡಮ್ಮ, ಒಂದ್ ಚಾ ಕುಡ್ದ್ ಬತ್ತೆ," ಅಂತ ಇಳಿದೆ. ಧೂಳು ಬರುತ್ತದೆಂದು ಗಾಜೆಲ್ಲ ಏರಿಸಿದ್ದೆ. ಹೋಟೆಲಿನಲ್ಲಿ ಕೋಳಿ ಅಂಕದ ಮಾತು ಬಂತು. ನನ್ನ ಕೋಳಿ ಸೋತದ್ದು ಮೋಸದಿಂದ ಎಂದು ನಾನು, ಅಲ್ಲವೆಂದು ಇನ್ನೊಬ್ಬ. ಒಂದು ಗಂಟೆ ಹೋದದ್ದು ತಿಳಿಯಲಿಲ್ಲ.

ಕಾರಿನೊಳಗೆ ದೊಡ್ಡಮ್ಮ ಬೇಯುತ್ತಿದ್ದರು. ಗಾಜು ಇಳಿಸಲು ಆಗದು, ಬಾಗಿಲು ತೆಗೆಯಲು ಆಗದು. ಕೂಗಬಹುದಿತ್ತಲ್ಲ ಅನ್ನುತ್ತೀರಿ. ಆ ಮನೆಯ ಹೆಂಗಸು ಪೇಟೆಯ ನಡುವೆ ಕೂಗುವುದುಂಟೆ? ದಾರಿಯಲ್ಲಿ ಗುರುತಿನವರು ಎಷ್ಟೋ ಜನ ಹಾದುಹೋದರಂತೆ. ಗಾಜಿನ ಹೊರಗೆ ನಿಂತು ಕೈ ಮುಗಿದರಂತೆ. ಇವರು ತಲೆ ಆಡಿಸಿದರಂತೆ. ಅಮ್ಮನವರು ಕಾರಿನಲ್ಲಿ ಗತ್ತಿನಿಂದ ಕೂತಿದ್ದಾರೆ ಎಂದುಕೊಂಡು ಅವರು ಮುಂದೆ ಹೋದರಂತೆ. ನಾನು ಬಂದು ಬಾಗಿಲು ತೆಗೆದಾಗ ದೊಡ್ಡಮ್ಮ ಬೆವರಿನಲ್ಲಿ ತೊಯ್ದು ಒಂದು ಪಕ್ಕಕ್ಕೆ ವಾಲಿದ್ದರು. ಸೀಟೂ ಒದ್ದೆಯಾಗಿತ್ತು. ಅದನ್ನು ಬರೆಯಬಾರದು, ಆದರೆ ಬರೆಯದಿದ್ದರೆ ನನ್ನ ತಪ್ಪು ಸಣ್ಣದಾಗಿ ಕಾಣುತ್ತದೆ.

ಒಂದು ಬೈಗುಳವೂ ಬರಲಿಲ್ಲ. ಮನೆಗೆ ಬಂದು ಇಳಿದು, "ಇನ್ ನಾನ್ ಈ ಪೆಟ್ಗಿಯೊಳ್ಗೆ ಕೂಕಂತಿಲ್ಲೆ," ಅಂದರು, ಅಷ್ಟೇ. ನಡೆದು ಹೋಗುವ ಕಾಲು ಅವರಿಗಿರಲಿಲ್ಲ. ಬಸ್ಸು ಹತ್ತಲು ಹಿಡಿಯುವ ಕೈ ಇರಲಿಲ್ಲ. ಎಂಟು ತಿಂಗಳು ಅಂಗಳ ದಾಟಲಿಲ್ಲ. ಬಿಜೂರಿನಲ್ಲಿ ತಂಗಿ ಗುಲಾಬಿಯ ಮಗಳ ಸೀಮಂತಕ್ಕೂ ಹೋಗಲಿಲ್ಲ. ನಾನು ದಿನಾ ಕಾರು ಒರೆಸುತ್ತಿದ್ದೆ. ತಪ್ಪಾಯಿತು ಎಂದು ಒಂದು ಮಾತು ಹೇಳಬೇಕಿತ್ತು. ನಾಲಗೆ ಏಳಲಿಲ್ಲ.

ಅರವತ್ನಾಲ್ಕರ ಜನವರಿಯಲ್ಲಿ ಸೂರ ಆ ಮನೆಯ ಗಡಿಯಾರ ರಿಪೇರಿಗೆ ಬಂದ. ಗಡಿಯಾರ ಬಿಟ್ಟು ಶೆಡ್ಡಿನ ಕಡೆ ನೋಡಿ, "ಅಮ್ಮ, ಕಾರ್ ಎಂತಕ್ಕೆ ಅಲ್ಲೇ ಇತ್ತ್?" ಎಂದು ಕೇಳಿದ. ಯಾರೂ ಕೇಳಲು ಹೆದರುತ್ತಿದ್ದ ಪ್ರಶ್ನೆ ಅದು. ದೊಡ್ಡಮ್ಮ ಎರಡೂ ಕೈ ಮುಂದೆ ಚಾಚಿದರು. ಬೇರೆ ಯಾರಾದರೂ ಆಗಿದ್ದರೆ ಅಯ್ಯೋ ದೇವರೇ ಅನ್ನುತ್ತಿದ್ದರು. ಸೂರ ಕೈಯನ್ನು ಒಮ್ಮೆ ನೋಡಿ, ಎದ್ದು ಹೋಗಿ ಕಾರಿನ ಹಿಡಿಕೆಯನ್ನು ತಿರುಗಿಸಿ ನೋಡಿದ. ತೆಗೆದ, ಹಾಕಿದ. ತೆಗೆದ, ಹಾಕಿದ. ಇಪ್ಪತ್ತು ಸಲ.

"ಕೈಗೆ ಮದ್ದ್ ನನ್ನತ್ರ ಇಲ್ಲೆ ಅಮ್ಮ," ಅಂದ ಬಂದು. "ಬಾಗ್ಲಿಗೆ ಇದ್ದ್‌ಹಾಂಗ್ ಕಾಣತ್ತ್."

ಮುಂದಿನ ಭಾನುವಾರ ಬಾಗಿಲಿನ ಒಳಹಲಗೆ ಕಳಚಿದ. ನಾನು ಎರಡು ವರ್ಷ ಆ ಬಾಗಿಲು ತೆಗೆದವನು, ಒಳಗೆ ಏನಿದೆ ಎಂದು ಒಂದು ದಿನವೂ ನೋಡಿರಲಿಲ್ಲ. ದೂರ ನಿಂತು ಬೀಡಿ ಸೇದುವವನ ಹಾಗೆ ನಟಿಸುತ್ತಾ ಕತ್ತು ಚಾಚಿದೆ. ಹಿಡಿಕೆಯಿಂದ ಒಂದು ಕಬ್ಬಿಣದ ಸಲಾಕೆ ಹೋಗಿ ಅಂಚಿನಲ್ಲಿದ್ದ ಚಿಲಕದ ಹಲ್ಲನ್ನು ಎತ್ತುತ್ತದೆ, ಅಷ್ಟೇ. ಆ ಸಲಾಕೆಯನ್ನು ಕೈ ಎಳೆಯುವ ಬದಲು ಮೋಟರು ಎಳೆದರೆ ಆಯಿತು ಎಂದ ಸೂರ. ಎಷ್ಟು ಜೋರಾಗಿ ಎಳೆಯಬೇಕು? ಅಳೆಯಲು ಅವನ ಹತ್ತಿರ ಯಾವ ಯಂತ್ರವೂ ಇರಲಿಲ್ಲ. ಸಲಾಕೆಗೆ ಹುರಿ ಕಟ್ಟಿ, ಬಾವಿಯ ರಾಟೆಯ ಮೇಲೆ ಹಾಯಿಸಿ, ತುದಿಗೆ ಒಂದು ಖಾಲಿ ಕೊಡಪಾನ ತೂಗುಬಿಟ್ಟ. ಆಮೇಲೆ ಅಕ್ಕಿ ಅಳೆಯುವ ಸೇರಿನಿಂದ ನೀರು ಹೊಯ್ಯುತ್ತಾ ಹೋದ. ಒಂದು ಸೇರು, ಏನೂ ಇಲ್ಲ. ಎರಡು. ಎರಡೂಕಾಲಕ್ಕೆ ಟಕ್ ಎಂದು ಬಾಗಿಲು ತೆರೆದುಕೊಂಡಿತು.

"ಎರಡೂಕಾಲ್ ಸೇರ್ ನೀರ್ ಎತ್ತುವ ಮೋಟ್ರ್ ಬೇಕ್," ಅಂದ ಸೂರ, ಹಬ್ಬ ಬಂದವನ ಮುಖ ಮಾಡಿಕೊಂಡು.

ಕುಂದಾಪುರದ ಗುಜರಿಯಲ್ಲಿ ಮಗುಚಿ ಬಿದ್ದ ಲಾರಿಯೊಂದರ ವೈಪರ್ ಮೋಟರು ಸಿಕ್ಕಿತು. ಮಳೆನೀರು ಒರೆಸುವ ಮೋಟರು ಮೂರು ಸೇರು ನೀರಿನ ಕೊಡಪಾನವನ್ನು ಮೇಲಕ್ಕೆತ್ತಿದಾಗ ಅಂಗಳದಲ್ಲಿ ಕೆಲಸದವರೆಲ್ಲ ಸೇರಿದ್ದರು. ಮೋಟರಿನ ತುದಿಗೆ ಮೊಟ್ಟೆಯಾಕಾರದ ಒಂದು ಹಿತ್ತಾಳೆ ಚಕ್ರ ಮಾಡಿ ಕೂರಿಸಿದ. ಚಕ್ರ ತಿರುಗಿ ಉದ್ದದ ಭಾಗ ಬಂದಾಗ ಸಲಾಕೆಯನ್ನು ದೂಡುತ್ತದೆ, ಚಿಲಕ ಬಿಡುತ್ತದೆ. ಬಾಗಿಲಿನೊಳಗೆ ಜಾಗ ಸಾಲದೆ ಗಾಜು ಇಳಿಸುವ ಸಾಮಾನನ್ನೇ ತೆಗೆಯಬೇಕಾಯಿತು. ಆ ಗಾಜು ಇನ್ನು ಇಳಿಯುವುದಿಲ್ಲ ಎಂದು ಸೂರ ಅಳುಕುತ್ತಾ ಹೇಳಿದ.

"ಗಾಳಿ ಬ್ಯಾಡ ನಂಗೆ. ಇಳ್ದ್ ಹೋಪುಕೆ ಬಂದ್ರೆ ಸಾಕ್," ಅಂದರು ದೊಡ್ಡಮ್ಮ.

ಗುಂಡಿಯನ್ನು ಬೆರಳಿನಿಂದ ಒತ್ತುವಂತಿಲ್ಲ. ಅದಕ್ಕೆ ಕರೆಗಂಟೆಯ ಗುಂಡಿಯ ಮೇಲೆ ಅಂಗೈಯಗಲದ ಹಲಸಿನ ಹಲಗೆ ಕೂರಿಸಿ ಮೊಣಕೈಯಿಂದ ಒತ್ತುವ ಹಾಗೆ ಮಾಡಿದ. ತಿರುವಿನಲ್ಲಿ ಮೈ ತಾಗಿ ತೆರೆದುಕೊಳ್ಳಬಾರದೆಂದು ಅದರ ಮೇಲೊಂದು ಮುಚ್ಚಳ. ಮಣಿಕಟ್ಟಿನಿಂದ ಎತ್ತಿದರೆ ಏಳುವಂಥದ್ದು.

ಮೊದಲ ದಿನ ಒತ್ತಿದರು. ಟಕ್, ತೆರೆಯಿತು. ಆದರೆ ಮುಚ್ಚಲು ಹೋದರೆ ಮುಚ್ಚದು. ಮೊಟ್ಟೆಚಕ್ರ ದೂಡಿದ ಜಾಗದಲ್ಲೇ ನಿಂತುಬಿಟ್ಟಿತ್ತು, ಚಿಲಕ ವಾಪಸು ಬೀಳಲಿಲ್ಲ. ಇನ್ನೊಮ್ಮೆ ಒತ್ತಿದರೆ ಚಕ್ರ ನಿಲ್ಲದೆ ತಿರುಗಿ ಚಿಲಕ ಟಕಟಕಟಕ ಎಂದು ಕುಣಿಯಿತು. ನಾನು ಬಿದ್ದು ಬಿದ್ದು ನಕ್ಕೆ. ಬಾಗಿಲನ್ನು ತೆಂಗಿನ ಹಗ್ಗದಲ್ಲಿ ಕಟ್ಟಿಟ್ಟೆವು. ಸೂರನಿಗೆ ಬೇಜಾರೇ ಇಲ್ಲ. "ತೆಗೂದ್ ಸುಲ್ಭ ಶೆಟ್ರೆ, ತೆಗ್ದ್ ವಾಪಾಸ್ ಬಂದ್ ಸುಮ್ನೆ ಕೂಕಣುದ್ ಕಷ್ಟ," ಅಂದ.

ಮೂರು ವಾರ ತಲೆ ಕೆಡಿಸಿಕೊಂಡ. ಆಮೇಲೆ ಒಂದು ಬೆಳಗ್ಗೆ ನನ್ನನ್ನೂ ಎಳೆದುಕೊಂಡು ಕಾರ್ಖಾನೆಗೆ ಹೋದ. ಹಂಚು ಒತ್ತುವ ಯಂತ್ರವನ್ನು ನಾನು ನೋಡಿದ್ದು ಅದೇ ಮೊದಲು. ಐದು ಮುಖದ ದೊಡ್ಡ ಉರುಳೆ. ಒಂದು ಮುಖದ ಮೇಲೆ ಮಣ್ಣು ಇಡುತ್ತಾರೆ, ಮೇಲಿನ ಅಚ್ಚು ಇಳಿದು ಧಡ್ ಎಂದು ಒತ್ತುತ್ತದೆ, ಉರುಳೆ ಒಂದೇ ಒಂದು ಮುಖದಷ್ಟು ತಿರುಗಿ ನಿಲ್ಲುತ್ತದೆ. ಯಾರೂ ನಿಲ್ಲಿಸುವುದಿಲ್ಲ, ಅದೇ ನಿಲ್ಲುತ್ತದೆ. ಸೂರ ನೆಲಕ್ಕೆ ಮಲಗಿ ಅಡಿಯಲ್ಲಿ ನೋಡಿದ. ನಾನೂ ಮಲಗಿದೆ, ಬಿಳಿ ಪಂಚೆ ಹೋಯಿತು. ಉರುಳೆಯ ಅಂಚಿನಲ್ಲಿ ಐದು ಗುಳಿ. ಒಂದು ಸಣ್ಣ ಗಾಲಿ ಅಂಚಿನ ಮೇಲೆ ಉರುಳಿಕೊಂಡು ಬಂದು, ಗುಳಿ ಸಿಕ್ಕಿದ ಕೂಡಲೇ ಅದರೊಳಗೆ ಬಿದ್ದು ಎಲ್ಲವನ್ನೂ ಹಿಡಿದು ನಿಲ್ಲಿಸುತ್ತಿತ್ತು.

"ಎಂಟ್ ವರ್ಷ ಇದ್ಕೆ ಎಣ್ಣೆ ಬಿಟ್ಟಿದೆ," ಅಂದ ಸೂರ. "ಹ್ಯಾಂಗ್ ನಿಲ್ಲತ್ತ್ ಅಂದ್ ಒಂದ್ ದಿನ ಕೇಣ್ಲಿಲ್ಲ ಕಾಣಿ. ನಂಗೆ ನಾಚ್ಕಿ ಆತ್ತ್."

ಮೊಟ್ಟೆಚಕ್ರದ ಪಕ್ಕದಲ್ಲಿ ಇನ್ನೊಂದು ದುಂಡು ಚಕ್ರ ಸೇರಿಸಿದ, ಅದಕ್ಕೊಂದೇ ಗುಳಿ. ಮೇಲೆ ಒಂದು ತೆಳು ತಾಮ್ರದ ಪಟ್ಟಿ. ಮೊಣಕೈ ಒಂದು ಸಲ ತಾಗಿದರೆ ಚಕ್ರ ಹೊರಡುತ್ತದೆ. ಪಟ್ಟಿ ಗುಳಿಯಿಂದ ಮೇಲೆ ಬಂದರೆ ಅದೇ ಕರೆಂಟು ಕೊಡುತ್ತದೆ, ಕೈ ತೆಗೆದರೂ ಸುತ್ತು ಮುಗಿಯುತ್ತದೆ. ಚಿಲಕ ಎದ್ದು, ಬಿದ್ದು, ಪಟ್ಟಿ ಮತ್ತೆ ಗುಳಿಗೆ ಇಳಿದ ಕೂಡಲೇ ಕರೆಂಟು ಕಡಿದು ಎಲ್ಲ ತಣ್ಣಗೆ ಕೂರುತ್ತದೆ. ಅಂದು ಸಂಜೆ ದೊಡ್ಡಮ್ಮ ಆರು ಸಲ ಇಳಿದರು, ಆರು ಸಲ ಹತ್ತಿದರು. ಎಷ್ಟೋ ಕಾಲದ ಮೇಲೆ ಅವರು ನಕ್ಕರು. ನನಗೂ ಸಂತೋಷವೇ ಅಂದುಕೊಳ್ಳಿ, ಅರ್ಧ.

ಇನ್ನರ್ಧ ಹೊಟ್ಟೆಕಿಚ್ಚು. ನಾನು ಸೂರನ ಹತ್ತಿರ ಹೋಗಿ, "ಮುಂದೆ ನನ್ನತ್ರವೂ ಒಂದ್ ಸ್ವಿಚ್ ಇಡ್. ನಾನ್ ಹಾಕ್ರೆ ಮಾತ್ರ ಹಿಂದಿಂದ್ ಕೆಲ್ಸ ಮಾಡ್ಕ್. ಓಡುವಾಗ ಅಪಾಯ ಅಲ್ದಾ?" ಅಂದೆ. ಮಾತು ದೊಡ್ಡಮ್ಮನ ಕಿವಿಗೆ ಬಿತ್ತು.

"ಅವ್ನತ್ರ ಕೇಂಡ್ ಇಳುದಾದ್ರೆ ಮೋಟ್ರ್ ಎಂತಕ್ಕೆ?" ಅಂದರು. ಸ್ವಿಚ್ಚಿನ ಮಾತು ಅಲ್ಲಿಗೆ ಮುಗಿಯಿತು.

ಏಪ್ರಿಲ್‌ನಲ್ಲಿ ಬಿಜೂರಿನಲ್ಲಿ ಗುಲಾಬಿ ಚಿಕ್ಕಮ್ಮನ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ದಿನ. ಮನೆಯ ಹಿರಿಯಳು ಬರಿಗೈಯಲ್ಲಿ ಹೋಗುವುದಿಲ್ಲವಲ್ಲ. ಡಿಕ್ಕಿಗೆ ಮೂರು ಮುಡಿ ಅಕ್ಕಿ ತುಂಬಿದೆ. ಒಂದೊಂದು ಮುಡಿ ಎಂದರೆ ಹುಲ್ಲು ಸುತ್ತಿ ಕಟ್ಟಿದ ನಲವತ್ತೆರಡು ಸೇರು. ಮೇಲೆ ತೆಂಗಿನಕಾಯಿ, ಎರಡು ಹಲಸಿನಹಣ್ಣು, ಬಾಳೆಗೊನೆ. ಹಿಂದಿನ ಸೀಟಿನ ಬಲಗಡೆ ಇನ್ನೊಂದು ಮುಡಿ. ಕಾರಿನ ಹಿಂಭಾಗ ಕೂತೇ ಹೋಯಿತು. ಸೂರ ಹೊಸ ಅಂಗಿ ಹಾಕಿ ನನ್ನ ಪಕ್ಕ ಕೂತ.

ಬಿಜೂರಿನ ಅಂಗಳದಲ್ಲಿ ಇನ್ನೂರು ಜನ. ಕಾರು ನಿಂತಿತು. ಯಾರೂ ಹತ್ತಿರ ಬರಬಾರದೆಂದು ದೊಡ್ಡಮ್ಮ ಮೊದಲೇ ಹೇಳಿ ಕಳಿಸಿದ್ದರು. ಮುಚ್ಚಳ ಎತ್ತಿದರು, ಒತ್ತಿದರು. ಗುಂಯ್ ಎಂದಿತು. ಟಕ್ ಅನ್ನಲಿಲ್ಲ. ಮತ್ತೆ ಒತ್ತಿದರು. ಗುಂಯ್... ಸುಟ್ಟ ವಾಸನೆ ಬಂತು. ಗಾಜಿನಾಚೆ ಇನ್ನೂರು ಜನ ಕೈ ಮುಗಿದು ನಿಂತಿದ್ದರು. ದೊಡ್ಡಮ್ಮನ ಮುಖದಲ್ಲಿ ಕುಂದಾಪುರದ ಆ ಮಧ್ಯಾಹ್ನ ಮತ್ತೆ ಬಂದದ್ದನ್ನು ನಾನು ಕನ್ನಡಿಯಲ್ಲಿ ನೋಡಿದೆ. ಇಳಿದು, ಸುತ್ತು ಬಂದು, ಹೊರಗಿನಿಂದ ಬಲವಾಗಿ ಎಳೆದು ಬಾಗಿಲು ತೆಗೆದು, ಬಾಗಿ ನಿಂತೆ. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು.

ಸೂರ ಯಾರಿಗೂ ಹೇಳದೆ ನಡೆದುಕೊಂಡು ಹೋಗಿ ಬಸ್ಸು ಹತ್ತಿದ. ಆಮೇಲೆ ನಮ್ಮ ಕಡೆ ತಲೆ ಹಾಕಲಿಲ್ಲ.

ಆ ದಿನ ಮುಡಿಗಳನ್ನು ಇಳಿಸಿದವನೂ ನಾನೇ. ಇಳಿಸಿ ಮುಗಿದ ಮೇಲೆ ಸುಮ್ಮನೆ ಕುತೂಹಲಕ್ಕೆ ಒಳಗೆ ಕೂತು ಹಲಗೆ ಒತ್ತಿದೆ. ಟಕ್. ಬಾಗಿಲು ಚಂದವಾಗಿ ತೆರೆದುಕೊಂಡಿತು. ಭಾರ ಹೇರಿದಾಗ ಹಳೆಯ ಕಾರಿನ ಮೈ ಬಗ್ಗಿ ಚಿಲಕವನ್ನು ಒತ್ತಿ ಹಿಡಿದಿತ್ತು, ಅಷ್ಟೇ. ಸೂರ ಎಲ್ಲ ಪರೀಕ್ಷೆ ಮಾಡಿದ್ದು ಖಾಲಿ ಕಾರಿನಲ್ಲಿ. ಅವನ ಜನ ನೆಂಟರ ಮನೆಗೆ ಹೋದರೆ ಒಂದು ಸೀಯಾಳ ಗೊನೆ ಹೆಗಲ ಮೇಲೆ ಹೊತ್ತು ಹೋಗುವವರು. ನಾಲ್ಕು ಮುಡಿ ಕಾರಿಗೆ ಹೇರುವ ಮನೆಗಳ ಲೆಕ್ಕ ಅವನಿಗೆ ಹೊಳೆಯಲೇ ಇಲ್ಲ. ನನಗೆ ಹೊಳೆಯಿತು. ನಾನು ಬಾಯಿ ಮುಚ್ಚಿಕೊಂಡೆ. ದೊಡ್ಡಮ್ಮ ಮತ್ತೆ ಅಂಗಳಕ್ಕೆ ಸೀಮಿತವಾದರು. ಒಂದು ವಾರ, ಎರಡು ವಾರ, ಆರು ವಾರ. ನಾನು ಕಾರು ಒರೆಸುತ್ತಿದ್ದೆ.

ಒಂದು ದಿನ ಊಟವಾದ ಮೇಲೆ ಶೆಡ್ಡಿನಿಂದ ಟಕ್ ಎಂದು ಸದ್ದು. ಸ್ವಲ್ಪ ಹೊತ್ತಿಗೆ ಮತ್ತೆ ಟಕ್. ಓಡಿ ಹೋದೆ. ದೊಡ್ಡಮ್ಮ ಹಿಂದಿನ ಸೀಟಿನಲ್ಲಿ ಕೂತಿದ್ದರು. ಒಬ್ಬರೇ, ಮೊಣಕೈಯಿಂದ ಒತ್ತುವುದು, ಬಾಗಿಲು ತೆರೆಯುವುದು, ತೋಳಿನಿಂದ ಎಳೆದು ಹಾಕಿಕೊಳ್ಳುವುದು, ಮತ್ತೆ ಒತ್ತುವುದು.

"ಭೋಜ, ಇದ್ ಇಲ್ಲಿ ತೆಗಿತ್ತಲ್ಲ. ಅಲ್ಲಿ ಎಂತಕ್ಕೆ ತೆಗಿಲಿಲ್ಲ?"

ನಾನು ನೆಲ ನೋಡಿದೆ. "ಮುಡಿ ಭಾರಕ್ಕೆ, ದೊಡ್ಡಮ್ಮ. ಚಿಲ್ಕ ಬಿಗ್ದಿತ್ತ್."

"ನಿಂಗೆ ಯಾವಾಗ ಗೊತ್ತಾಯ್ತ್?"

ಸುಳ್ಳು ಹೇಳಬಹುದಿತ್ತು. ಅಭ್ಯಾಸವೂ ಇತ್ತು. "ಆವತ್ತೇ," ಅಂದೆ.

ಅವರು ಸೀಟಿಗೆ ಒರಗಿ ಕೂತರು. ಆಮೇಲೆ, "ಸೂರನ ಮನೆಗೆ ಹೋಪ. ಕಾರ್ ತೆಗಿ," ಅಂದರು.

ಸೂರನ ಮನೆ ಸಾಸ್ತಾನದ ಒಳದಾರಿಯಲ್ಲಿ, ಸಣ್ಣ ಹಂಚಿನ ಮನೆ. ಆ ಕಾಲದಲ್ಲಿ ನಮ್ಮ ಮನೆಗಳ ಹೆಂಗಸರು ಅಂಥ ಅಂಗಳಕ್ಕೆ ಕಾಲಿಡುತ್ತಿರಲಿಲ್ಲ. ಬೇಕಾದವರನ್ನು ಕಾರಿನ ಹತ್ತಿರ ಕರೆಸುವುದು ಕ್ರಮ. ನಾನು ದಾರಿಯಲ್ಲೇ ನಿಲ್ಲಿಸಿ, "ನೀವ್ ಕೂಕಣಿ, ನಾನ್ ಅವ್ನನ್ನ್ ಕರಿತೆ," ಅಂದೆ. ಬಾಗಿಲು ತೆಗೆಯಲು ಇಳಿಯಲಿಲ್ಲ. ಬೇಕೆಂದೇ ಇಳಿಯಲಿಲ್ಲ. ಹಿಂದಿನಿಂದ ಟಕ್ ಎಂದು ಕೇಳಿತು. ತಿರುಗಿ ನೋಡಿದರೆ ದೊಡ್ಡಮ್ಮ ಇಳಿದು, ಸೆರಗು ಮಣಿಕಟ್ಟಿನಿಂದ ಸರಿಮಾಡಿಕೊಂಡು, ಸೂರನ ಅಂಗಳದಲ್ಲಿ ನಡೆದು ಹೋಗುತ್ತಿದ್ದರು.

ಸೂರನ ಹೆಂಡತಿ ತುಂಗಾ ಗಾಬರಿಯಿಂದ ಚಾಪೆ ಹಾಸಿದಳು. ಬೆಲ್ಲ ನೀರು ತಂದಳು. ದೊಡ್ಡಮ್ಮ ಎರಡು ಮಣಿಕಟ್ಟಿನ ನಡುವೆ ಲೋಟ ಹಿಡಿದರು, ಲೋಟ ಜಾರಿತು. ತುಂಗಾ ಏನೂ ಯೋಚಿಸದೆ ಕೆಳಗಿನಿಂದ ಕೈ ಕೊಟ್ಟಳು. ದೊಡ್ಡಮ್ಮ ಹಾಗೆಯೇ ಕುಡಿದರು. ಯಾರ ಕೈಯಿಂದಲೂ ಕುಡಿಯದವರು.

ಮುಡಿಯ ವಿಷಯ ಕೇಳಿದ ಸೂರ ನನ್ನ ಮೇಲೆ ಹಾರಿ ಬೀಳುತ್ತಾನೆ ಎಂದು ಹೆದರಿದ್ದೆ. ಅವನಿಗೆ ನಾನು ಮುಚ್ಚಿಟ್ಟದ್ದು ಕಿವಿಗೇ ಬೀಳಲಿಲ್ಲ. "ಎಷ್ಟ್ ಮುಡಿ? ಡಿಕ್ಕಿಯಲ್ಲೆಷ್ಟ್, ಸೀಟಲ್ಲೆಷ್ಟ್? ಬಲ್ಗಡೆಯಾ?" ಎಂದು ಎದ್ದೇ ಬಿಟ್ಟ. ಕಟ್ಟೆ ಕಟ್ಟಲು ರಾಶಿ ಹಾಕಿದ್ದ ಮುರಕಲ್ಲುಗಳನ್ನು ನಾವಿಬ್ಬರೂ ಹೊತ್ತು ಡಿಕ್ಕಿಗೆ ತುಂಬಿದೆವು, ಬಲಗಡೆಯ ಸೀಟಿಗೂ ಗೋಣಿ ಹಾಸಿ ಇಟ್ಟೆವು. ಕಾರಿನ ಹಿಂಭಾಗ ಮತ್ತೆ ಕೂತಿತು.

"ಶೆಟ್ರೆ, ನೀವ್ ಅಮ್ಮನ ಜಾಗ್ದಲ್ಲಿ ಕೂಕಂಡ್ ಒತ್ತಿ. ನಾನ್ ಹೇಳುವರೆಗೆ ಹಿಡ್ಕಿ ಮುಟ್ಬೇಡಿ," ಅಂದ.

ಕೂತೆ. ಬಾಗಿಲು ಹಾಕಿದ. ಒತ್ತಿದೆ. ಗುಂಯ್. ಸೂರ ಹೊರಗಿನಿಂದ ಬಿದಿರು ಕೋಲು ಬಾಗಿಲಿಗೆ ಒತ್ತಿ ಕಿವಿಗೊಟ್ಟು ನಿಂತ, ಮುಖ ಅರಳಿತು. ಹುರಿ, ಕೊಡಪಾನ ತರಲು ಒಳಗೆ ಹೋದ. ತುಂಗಾಳ ಕೊಡಪಾನದಲ್ಲಿ ನೀರಿತ್ತೋ, ಹುರಿ ಸಿಗಲಿಲ್ಲವೋ, ಬರಲೇ ಇಲ್ಲ. ಜೂನ್ ಬಂದರೂ ಮಳೆ ಹಿಡಿದಿರಲಿಲ್ಲ, ಉರಿಬಿಸಿಲು. ಆ ಗಾಜು ಇಳಿಯುವುದಿಲ್ಲ, ಉಳಿದವನ್ನು ಧೂಳಿಗೆಂದು ಏರಿಸಿದ್ದೆ. ನಾನು ಕೈ ಮಡಿಲಲ್ಲಿಟ್ಟು ಕೂತೆ. ಬೆವರು ಕಣ್ಣಿಗೆ ಇಳಿಯಿತು. ಹಿಡಿಕೆ ಗೇಣು ದೂರದಲ್ಲಿತ್ತು, ನನ್ನ ಕೈ ಸರಿಯಾಗಿಯೇ ಇತ್ತು, ಆದರೂ ಎದೆ ಹೊಡೆದುಕೊಳ್ಳತೊಡಗಿತು.

ದಾರಿಯಲ್ಲಿ ಮೀನಿನ ಬುಟ್ಟಿ ಹೊತ್ತು ಬೆಳ್ಳಿ ಬಂದಳು, ನಮ್ಮ ಮನೆಗೂ ಮೀನು ಕೊಡುವವಳು. ಹಿಂದಿನ ಸೀಟಿನಲ್ಲಿ ನನ್ನನ್ನು ನೋಡಿ ನಿಂತಳು. ನಾನು ಏನೋ ಹೇಳಲು ಬಾಯಿ ತೆರೆದೆ. ಅವಳು ಹಲ್ಲು ಬಿಟ್ಟು ನಕ್ಕು, ಒಂದು ಕೈ ಎತ್ತಿ ನಮಸ್ಕಾರ ಮಾಡಿ, ಮುಂದೆ ಹೋದಳು.

ಅಲ್ಲಿ ಜಗಲಿಯ ಮೇಲೆ ಚಾಪೆಯಲ್ಲಿ ದೊಡ್ಡಮ್ಮ ಕೂತು ನನ್ನನ್ನೇ ನೋಡುತ್ತಿದ್ದರು. ನನಗೆ ಅಳು ಬಂತು. "ತಪ್ಪಾಯ್ತ್ ದೊಡ್ಡಮ್ಮ," ಅಂದೆ. ಅವರು ಕಿವಿಯ ಹತ್ತಿರ ಕೈ ತಂದು, ಕೇಳುವುದಿಲ್ಲ ಎಂದು ತಲೆ ಆಡಿಸಿದರು.

ಸೂರ ಬಂದು ಬಾಗಿಲು ಎಳೆದು ತೆಗೆದ. ಇಳಿದು ಜಗಲಿಯ ಬುಡಕ್ಕೆ ಹೋಗಿ ಇನ್ನೊಮ್ಮೆ ಹೇಳಿದೆ. ಒಂದು ವರ್ಷ ತಡವಾಗಿ, ಎಲ್ಲರೆದುರು, ಗಟ್ಟಿಯಾಗಿ. ದೊಡ್ಡಮ್ಮ ನನ್ನ ಒದ್ದೆ ಅಂಗಿ ನೋಡಿದರು. "ತುಂಗಾ, ಇವ್ನಿಗೂ ಒಂದ್ ಲೋಟ ಬೆಲ್ಲ ನೀರ್ ಕೊಡ್," ಅಂದರು. ಆ ಮನೆಯಲ್ಲಿ ನಾನು ಅದುವರೆಗೆ ಏನೂ ಮುಟ್ಟಿರಲಿಲ್ಲ. ಗಟಗಟ ಕುಡಿದೆ. ಹಿಂದಿನಿಂದ ಸೂರ, "ಐದ್ ಸೇರ್ ಬೇಕ್ ಶೆಟ್ರೆ, ಐದ್ ಸೇರ್!" ಎಂದು ಕೂಗುತ್ತಿದ್ದ.

ಎರಡು ವಾರದಲ್ಲಿ ಬಾಗಿಲಿನ ಪಕ್ಕದ ಕಂಬದಲ್ಲಿ ಚಿಲಕ ಸಿಕ್ಕಿಕೊಳ್ಳುವ ಕೊಂಡಿಯನ್ನು ಅರದಿಂದ ಉಜ್ಜಿ, ಸಲಾಕೆಗೆ ಉದ್ದದ ಸನ್ನೆ ಹಾಕಿ, ಆರು ಸೇರು ಎತ್ತುವ ಹಾಗೆ ಮಾಡಿದ. ದೊಡ್ಡಮ್ಮ ತೀರಿಕೊಂಡು ಈಗ ಎರಡು ವರ್ಷ. ಕಾರು ಕೊಂಡವರು ಗಾಜು ಇಳಿಯಬೇಕೆಂದು ಮೋಟರು ಕಿತ್ತು ಹಾಕಿದರು. ಮೊಟ್ಟೆಚಕ್ರ ಸೂರನ ಅಂಗಡಿಯಲ್ಲಿ ಮೊಳೆಗೆ ನೇತಾಡುತ್ತಿದೆ, ಯಾರೂ ಏನೆಂದು ಕೇಳುವುದಿಲ್ಲ.

ರಿಪೇರಿಯಾದ ಮೊದಲ ಭಾನುವಾರವೇ ಬಿಜೂರಿಗೆ ಹೋದೆವು, ಅದೇ ನಾಲ್ಕು ಮುಡಿ ಹೇರಿಕೊಂಡು. ಅಂಗಳದಲ್ಲಿ ನಿಲ್ಲಿಸಿ ನಾನು ಸ್ಟಿಯರಿಂಗ್ ಬಿಗಿಯಾಗಿ ಹಿಡಿದು ಕೂತೆ, ಏಳಲಿಲ್ಲ, ತಿರುಗಲೂ ಇಲ್ಲ. ಮುಚ್ಚಳ ಎದ್ದದ್ದು ಕೇಳಿತು. ಆಮೇಲೆ ಟಕ್. ದೊಡ್ಡಮ್ಮ ಇಳಿದು ನಾಲ್ಕು ಹೆಜ್ಜೆ ಹೋಗಿದ್ದರು, ಗುಲಾಬಿ ಚಿಕ್ಕಮ್ಮ ಓಡಿ ಬಂದರು.

"ಅಕ್ಕ, ಭೋಜ ಎಲ್ಲಿ ಸತ್ತ? ಬಾಗ್ಲ್ ತೆಗೂಕೆ ಬರ್ಲಿಲ್ಯಾ?"

"ಅವ್ನಾ?" ಅಂದರು ದೊಡ್ಡಮ್ಮ, ನನಗೆ ಕೇಳುವ ಹಾಗೆ. "ಅವ್ನ್ ಚಾ ಕುಡೂಕೆ ಹೋಯ್ಲಿ ಬಿಡ್."